ಹಾಸಿಗೆ ಅಂಗಡಿಯ ಮೇಲೆ ಆರ್ಕೆಸ್ಟ್ರಾ

ಕೆ.ಆರ್. ಪುರದ ಮಾರ್ಕೆಟ್ ಹತ್ತಿರ ನಾವು ಬಸ್ಸು ಹತ್ತಿದಾಗ ಒಂಬತ್ತೂವರೆ. ಒಂಬತ್ತು ನಲವತ್ತೂ ಇರಬಹುದು. ಈ ಪ್ರಯಾಣದ ಬಗ್ಗೆ ನಮ್ಮ ಹನ್ನೊಂದು ವಿದ್ಯಾರ್ಥಿಗಳಿಂದ ಒಂದೊಂದು ಪುಟ ಬರೆಸಿದ್ದೇನೆ. ಆ ಪುಟಗಳಲ್ಲಿ ಬಸ್ಸು ನಾಲ್ಕು ಬೇರೆಬೇರೆ ಹೊತ್ತಿಗೆ ಹೊರಡುತ್ತದೆ. ಒಬ್ಬಳ ಪುಟದಲ್ಲಿ ಅದು ಮೆಟ್ರೋ ಆಗಿಬಿಟ್ಟಿದೆ. ಆ ಪುಟಗಳನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾವು ಹನ್ನೆರಡೂ ಜನ ಒಪ್ಪುವ ಕಡೆ ನನಗೆ ಸ್ವಲ್ಪ ಅನುಮಾನವೇ ಹೆಚ್ಚು, ಏಕೆಂದರೆ ಮಕ್ಕಳು ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ.

ಅಕ್ಟೋಬರ್ ತಿಂಗಳ ಕೊನೆಯ ಶನಿವಾರ. ಮೋಡ ಮುಚ್ಚಿತ್ತು, ಮಳೆ ಇನ್ನೂ ಬಂದಿರಲಿಲ್ಲ. ನಾನು ಇಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಜೊತೆಗೆ ಬಂದವರು ನಮ್ಮ ಪಿ.ಟಿ. ಮೇಷ್ಟ್ರು ಕೃಷ್ಣಾರೆಡ್ಡಿ. ಹೊರಟಿದ್ದು ಶಿವಾಜಿನಗರಕ್ಕೆ, ಒಂದು ಆರ್ಕೆಸ್ಟ್ರಾದವರು ಪ್ರಾಕ್ಟೀಸ್ ಮಾಡುವುದನ್ನು ನೋಡಲು. ಗಣೇಶನ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಸಿನಿಮಾ ಹಾಡು ನುಡಿಸುತ್ತಾರಲ್ಲ, ಅಂಥ ಆರ್ಕೆಸ್ಟ್ರಾ. ಅವರ ಕಾರ್ಯಕ್ರಮವನ್ನು ಎಲ್ಲರೂ ನೋಡಿರುತ್ತಾರೆ. ಅಭ್ಯಾಸವನ್ನು ಯಾರೂ ನೋಡಿರುವುದಿಲ್ಲ. ನಮ್ಮ ಲೇಔಟಿನ ಗಣೇಶನಿಗೆ ಪ್ರತಿ ವರ್ಷ ಬರುವ ತಂಡದ ಮಾಲೀಕ ಸೆಲ್ವರಾಜ್ ಅವರನ್ನು ಕೇಳಿದಾಗ, “ಪ್ರೋಗ್ರಾಂಗೇ ಬನ್ನಿ ಮೇಡಂ. ಪ್ರಾಕ್ಟೀಸಲ್ಲಿ ಏನಿರುತ್ತೆ, ಬರೀ ಜಗಳ” ಎಂದಿದ್ದರು. ಜಗಳವನ್ನೇ ನೋಡುತ್ತೇವೆ ಎಂದು ಒಪ್ಪಿಸಿದ್ದೆ.

ಹೋಗಲೇಬೇಕಾದ ಕಾರಣ ಒಂದಿತ್ತು. ನವೆಂಬರ್ ಒಂದಕ್ಕೆ ನಮ್ಮ ಮಕ್ಕಳು ನಾಡಿನ ಮೇಲಿನ ಒಂದು ಹಳೆಯ ಸಿನಿಮಾ ಹಾಡನ್ನು ಹಾಡಬೇಕು. ಢೋಲಕ್ ನುಡಿಸುವವಳು ಒಂಬತ್ತನೇ ತರಗತಿಯ ಶರಣಮ್ಮ. ಯಾದಗಿರಿ ಕಡೆಯಿಂದ ಬಂದ ಕುಟುಂಬ. ಅಪ್ಪ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಹೊಡೆಯುತ್ತಾರೆ, ಮನೆಯಲ್ಲಿ ಖಾಲಿ ಪೇಂಟ್ ಬಕೆಟ್ಟುಗಳಿಗೆ ಬರವಿಲ್ಲ. ಬಕೆಟ್ ಮೇಲೆ ಕಲಿತ ಕೈ ಢೋಲಕ್ ಮೇಲೆ ಇನ್ನೂ ಚೆನ್ನಾಗಿ ಓಡುತ್ತಿತ್ತು. ಆದರೆ ಒಂದು ತೊಂದರೆ. ಪಲ್ಲವಿ ಮುಗಿದು ಮೊದಲ ಚರಣದ ಅರ್ಧಕ್ಕೆ ಬಂದಾಗ ಅವಳು ಇದ್ದಕ್ಕಿದ್ದಂತೆ ಮೊದಲಿಗೇ ಹೋಗಿಬಿಡುತ್ತಿದ್ದಳು. ಹಾಡುವವರು ಚರಣದಲ್ಲಿ, ಢೋಲಕ್ ಪಲ್ಲವಿಯಲ್ಲಿ. ಹೋದ ಮೇಲೆ ಉಳಿದವರ ಮುಖವನ್ನು, ಅವರೇ ತಪ್ಪಿದ ಹಾಗೆ, ಆಶ್ಚರ್ಯದಿಂದ ನೋಡುತ್ತಿದ್ದಳು.

“ಭಯ ಬೀಳ್ತಾಳೆ ಮೇಡಂ” ಎಂದರು ರೆಡ್ಡಿ ಮೇಷ್ಟ್ರು. “ಟ್ರ್ಯಾಕ್ ಹಾಕ್ಬಿಡೋಣ. ಪೆನ್‌ಡ್ರೈವ್ ಭಯ ಬೀಳಲ್ಲ.”

ಕಾರ್ಯಕ್ರಮದ ಉಸ್ತುವಾರಿ ಅವರದು. ಬೇರೆ ಯಾರೋ ನುಡಿಸಿಟ್ಟ ಸಂಗೀತ ಸ್ಪೀಕರಿನಿಂದ ಬರುತ್ತದೆ, ಮಕ್ಕಳು ಅದರ ಮೇಲೆ ಹಾಡುತ್ತಾರೆ, ಢೋಲಕ್ ಬೇಕಾಗಿಲ್ಲ. ಹಟ ಮಾಡುವ ಮನುಷ್ಯರಲ್ಲ ಅವರು, ಆದರೆ ಶಿಕ್ಷಣಾಧಿಕಾರಿಗಳ ಮುಂದೆ ಹಾಡು ಹಳಿ ತಪ್ಪಿದರೆ ಮಾತು ಕೇಳಬೇಕಾದವರೂ ಅವರೇ. ಕೊನೆಗೆ ಒಂದು ಕರಾರಿಗೆ ಬಂದೆವು. ಶನಿವಾರ ಆರ್ಕೆಸ್ಟ್ರಾದವರ ಹತ್ತಿರ ಅವಳನ್ನು ಕರೆದುಕೊಂಡು ಹೋಗುವುದು. ವಾಪಸ್ ಬರುವುದರೊಳಗೆ ಅವಳು ಒಂದು ಸಲ, ಒಂದೇ ಒಂದು ಸಲ, ಹಾಡನ್ನು ಪೂರ್ತಿ ನುಡಿಸಿದರೆ ಢೋಲಕ್. ಇಲ್ಲದಿದ್ದರೆ ಪೆನ್‌ಡ್ರೈವ್. ಇದನ್ನು ಅವರು ಶರಣಮ್ಮನ ಎದುರಿಗೇ ಹೇಳಿದರು. ಅವಳು “ಹ್ಞೂಂ ಸರ” ಎಂದಳು, ಅಷ್ಟೆ.

ಬಸ್ಸಿನಲ್ಲಿ ಅವಳು ಢೋಲಕ್ಕನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆರು ಹುಡುಗಿಯರಿಗೂ ನನಗೂ ಶೂನ್ಯ ಟಿಕೆಟ್. ಪಾಸ್ ಮರೆತು ಬಂದ ಇಬ್ಬರು ಹುಡುಗರಿಗೆ, ಮೇಷ್ಟ್ರಿಗೆ ತಲಾ ಇಪ್ಪತ್ತೆಂಟು ರೂಪಾಯಿ.

“ಅಯ್ಯೋ ಪಾಪ, ಮನೋಜ ದುಡ್ಡು ಕೊಟ್ಟು ಹೋಗ್ತಾವ್ನೆ” ಎಂದಳು ಒಬ್ಬಳು ಹುಡುಗಿ.

ಮನೋಜ ನಮ್ಮ ಮುಖ್ಯ ಗಾಯಕ, ಒಳ್ಳೆಯ ಗಂಟಲು, ಸಾಲು ಮರೆಯುವ ಚಾಳಿ. “ದುಡ್ಡು ಕೊಟ್ಟೋನು ಕೂತ್ಕೊಂಡು ಹೋಗ್ತಾನೆ. ಎದ್ದೇಳು ಆ ಸೀಟಿಂದ” ಎಂದ.

ಕಂಡಕ್ಟರ್ ಗಂಟಿನತ್ತ ಬೆರಳು ತೋರಿಸಿದರು. “ಇದೇನಮ್ಮ? ಲಗೇಜಾ?”

“ಢೋಲಕ್ರಿ.”

“ಸಾರ್, ಅದು ಹುಡುಗಿ ಜೊತೆ ಬಂದಿರೋದು. ಅದಕ್ಕೂ ಫ್ರೀ” ಎಂದ ಮನೋಜ. ಕಂಡಕ್ಟರ್ ನಕ್ಕು ಮುಂದೆ ಹೋದರು.

ಟಿನ್ ಫ್ಯಾಕ್ಟರಿ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿಂದ ಮುಂದೆ ಹಳೇ ಮದ್ರಾಸ್ ರಸ್ತೆ ಸಲೀಸಾಗಿತ್ತು. ಬೈಯಪ್ಪನಹಳ್ಳಿ ಬಂದಾಗ ರೆಡ್ಡಿ ಮೇಷ್ಟ್ರು ಕಿಟಕಿಯಾಚೆ ಕೈ ತೋರಿಸಿದರು. ಈ ಕಡೆಯ ಹಳೆಯ ಹಳ್ಳಿಗಳವರು ಅವರು. ಹೊಲ ಹೋದ ಜಾಗದಲ್ಲಿ ಕಟ್ಟಿದ ಬಾಡಿಗೆ ಮನೆಗಳಲ್ಲೇ ನಮ್ಮ ಶಾಲೆಯ ಅರ್ಧ ಮಕ್ಕಳು ವಾಸವಾಗಿದ್ದಾರೆ.

“ನಮ್ ತಾತಂದು ಇಲ್ಲೇ ರಾಗಿ ಹೊಲ ಇದ್ದಿದ್ದು. ಇಗೋ, ಆ ಮೆಟ್ರೋ ಪಿಲ್ಲರ್ ಇದೆಯಲ್ಲ, ಅಲ್ಲಿ.”

“ಹೋದ್ ಸಲ ಕ್ರೀಡಾಕೂಟಕ್ಕೆ ಹೋಗ್ವಾಗ ಪೆಟ್ರೋಲ್ ಬಂಕ್ ಹತ್ರ ಅಂದಿದ್ರಿ ಸಾರ್” ಎಂದ ಒಬ್ಬ ಹುಡುಗ.

“ದೊಡ್ಡ ಹೊಲ ಕಣೋ.”

ಇಂದಿರಾನಗರದ ತಿರುವಿನಲ್ಲಿ ಬಸ್ಸು ಅರ್ಧ ಖಾಲಿಯಾಯಿತು. ಹಲಸೂರು ಕೆರೆ ಬಂದಾಗ ಎಲ್ಲರೂ ಎಡಕ್ಕೆ ವಾಲಿದರು. ಎಡಕ್ಕೆ ಎಂದು ನಾನು ಬರೆದಿದ್ದೇನೆ. ಐದು ಪುಟಗಳಲ್ಲಿ ಕೆರೆ ಬಲಕ್ಕಿದೆ. ನೀರು ಹಸಿರಾಗಿತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಶರಣಮ್ಮ ಕೆರೆಯನ್ನು ನೋಡಲಿಲ್ಲ. ಬೆಡ್‌ಶೀಟಿನ ಮೇಲೆ ಅವಳ ಬೆರಳು ಸದ್ದಿಲ್ಲದೆ ಓಡುತ್ತಿದ್ದವು, ಓಡಿ ಒಂದು ಕಡೆ ನಿಲ್ಲುತ್ತಿದ್ದವು, ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದವು. ಎಲ್ಲಿ ನಿಲ್ಲುತ್ತಿದ್ದವೋ ಅಲ್ಲಿ ಭಯ ಇದೆ ಎಂದು ನಾನು ತಿಳಿದಿದ್ದೆ. “ಧೈರ್ಯವಾಗಿರು” ಎಂದೆ. ಒಂದು ತಿಂಗಳಿಂದ ಅವಳಿಗೆ ನಾನು ಇದನ್ನೇ ಹೇಳುತ್ತಿದ್ದೆ.

“ಹೌದ್ರಿ ಮೇಡಂ” ಎಂದಳು, ನನ್ನನ್ನು ಸಮಾಧಾನಪಡಿಸುವವಳ ಹಾಗೆ.

ಶಿವಾಜಿನಗರದ ನಿಲ್ದಾಣದಲ್ಲಿ ಇಳಿದಾಗ ಹತ್ತೂ ಮುಕ್ಕಾಲು. ಮಕ್ಕಳನ್ನು ಜೋಡಿ ಜೋಡಿಯಾಗಿ ಕೈ ಹಿಡಿಸಿ ನಡೆಸಿದೆವು. ಮುಂದೆ ರೆಡ್ಡಿ ಮೇಷ್ಟ್ರು ಕೊರಳಲ್ಲಿ ಸೀಟಿ ಹಾಕಿಕೊಂಡು, ಹಿಂದೆ ನಾನು. ಚರ್ಚಿನ ಮುಂದೆ ಮೇಣದಬತ್ತಿ ಮಾರುವವರು, ಅದರಾಚೆ ಮಾರ್ಕೆಟ್ಟಿನ ಹೂವು, ಮೀನು, ಹಳೆಯ ಮಿಕ್ಸಿಗಳ ರಾಶಿ. ಒಬ್ಬರು ತಮಿಳಿನಲ್ಲಿ ದಾರಿ ಹೇಳಿದರು, ಇನ್ನೊಬ್ಬರು ಉರ್ದುವಿನಲ್ಲಿ ಅದು ತಪ್ಪೆಂದರು, ಮೂರನೆಯವರು ಕನ್ನಡದಲ್ಲಿ ಇಬ್ಬರದೂ ಸರಿ ಎಂದರು. ನಾವು ಹುಡುಕುತ್ತಿದ್ದ ಹಾಸಿಗೆ ಅಂಗಡಿ ಒಂದು ಸಣ್ಣ ಗಲ್ಲಿಯ ಕೊನೆಯಲ್ಲಿತ್ತು. ಕೆಳಗೆ ಯಂತ್ರವೊಂದು ಹತ್ತಿ ಹಿಂಜುತ್ತಿತ್ತು. ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು. ನನ್ನ ಲೆಕ್ಕಕ್ಕೆ ಹದಿನೆಂಟು ಮೆಟ್ಟಿಲು. ಮನೋಜ ಇಪ್ಪತ್ತೊಂದು ಎನ್ನುತ್ತಾನೆ. ಅವನು ಎರಡು ಸಲ ಇಳಿದು ಹತ್ತಿದ್ದಾನೆ, ಅವನದೇ ಇರಲಿ.

ಮೇಲಿನ ಕೋಣೆಗೆ ಹೊಕ್ಕಾಗ ಮೊದಲು ಗಮನಕ್ಕೆ ಬಂದದ್ದು ಸದ್ದು. ಸದ್ದು ಅಲ್ಲ, ಸದ್ದಿನ ಕೊರತೆ. ಮೂರು ಗೋಡೆಗಳಿಗೂ ಹೊಸ ಹತ್ತಿ ಹಾಸಿಗೆಗಳನ್ನು ನಿಲ್ಲಿಸಿದ್ದರು. ಅಂಗಡಿಯವರಿಗೆ ಅದು ದಾಸ್ತಾನು. ಆರ್ಕೆಸ್ಟ್ರಾದವರಿಗೆ ಊರಿಗೆ ಸದ್ದು ಕೇಳದ ಗೋಡೆ. ನಾವು ಆಡಿದ ಮಾತು ಬಾಯಿಂದ ಹೊರಬಿದ್ದ ಕೂಡಲೇ ಸತ್ತು ಹೋಗುತ್ತಿತ್ತು. ಮಕ್ಕಳು ಎರಡು ನಿಮಿಷ “ಹೋ” ಎಂದು ಕೂಗಿ ನೋಡಿದರು. ಆಮೇಲೆ ನೆಲದ ಜಮಖಾನದ ಮೇಲೆ ಕೂತರು.

ತಂಡದಲ್ಲಿ ಏಳು ಮಂದಿ. ಹೆಸರು ನೆನಪಿಡಬೇಕಾದವರು ಮೂವರು: ಕೀಬೋರ್ಡಿನ ಹಿಂದೆ ಕೂತು ಎಲ್ಲರನ್ನೂ ಗದರುವ ಸೆಲ್ವರಾಜ್, ಢೋಲಕ್ ತಬಲ ಎರಡೂ ನುಡಿಸುವ, ಬಿಳಿ ಗಡ್ಡದ ನಜೀರ್ ಭಾಯ್, ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹುರಿಗಡಲೆ ತಿನ್ನುತ್ತಿದ್ದ ಗಾಯಕಿ ಉಷಾ. ನವೆಂಬರ್ ಪೂರ್ತಿ ಅವರಿಗೆ ದಿನವೂ ಒಂದೊಂದು ಬಡಾವಣೆಯಲ್ಲಿ ರಾಜ್ಯೋತ್ಸವ.

ಸೆಲ್ವರಾಜ್ ಬೆರಳೆತ್ತಿ ಎಣಿಸಿದರು. ಕೀಬೋರ್ಡ್, ಕೊಳಲು, ಢೋಲಕ್ ಒಟ್ಟಿಗೆ ಎದ್ದವು. ಎಲ್ಲರಿಗೂ ಗೊತ್ತಿರುವ ಹಾಡಿನ ಶುರುವಿನ ಸಂಗೀತ ಅದು. ಮಕ್ಕಳ ಬೆನ್ನು ನೆಟ್ಟಗಾಯಿತು. ಇನ್ನೇನು ಪಲ್ಲವಿ ಬರಬೇಕು, ಮನೋಜನ ಬಾಯಿ ತೆರೆದೇ ಇತ್ತು, ಸೆಲ್ವರಾಜ್ ಕೈ ಬೀಸಿದರು. “ಓಕೆ, ಸಾಕು. ಫಸ್ಟ್ ಬಿಜಿಎಂ.”

ಪಲ್ಲವಿ ಬರಲಿಲ್ಲ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಸಂಗೀತ ಬಂತು. ಅದರಲ್ಲಿ ಕೊಳಲಿನವರು ತಪ್ಪಿದರು. ನಾಲ್ಕು ಸಲ ಅದನ್ನೇ ನುಡಿಸಿದರು. ಚರಣ ಶುರುವಾಗಬೇಕು ಎನ್ನುವಾಗ ಮತ್ತೆ “ಸಾಕು. ಸೆಕೆಂಡ್ ಬಿಜಿಎಂ”. ಆಮೇಲೆ ಹಾಡಿನ ಮುಕ್ತಾಯ. ಆಮೇಲೆ ಮುಂದಿನ ಹಾಡಿನ ಶುರು.

ಹೀಗೇ ಒಂದು ಗಂಟೆ ಕಳೆಯಿತು. ಹತ್ತೋ ಹನ್ನೆರಡೋ ಹಾಡು, ಒಂದರಲ್ಲೂ ಹಾಡಿಲ್ಲ. ಉಷಾ ಅವರು ಬಾಯಿ ತೆರೆದದ್ದು ಕಡಲೆಗೆ ಮಾತ್ರ. “ಅವರು ಬಾಗಿಲು ತೆಗೆದು ತೆಗೆದು ಮುಚ್ಚಿದರು, ಒಳಗೆ ಬಿಡಲಿಲ್ಲ” ಎಂದು ಎಂಟನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಾಳೆ. ಇದಕ್ಕಿಂತ ಚೆನ್ನಾಗಿ ನಾನು ಬರೆಯಲಾರೆ.

“ಮಿಸ್, ಹಾಡು ಯಾವಾಗ?” ಎಂದು ಮನೋಜ ಪಿಸುಗುಟ್ಟಿದ. ಮಾರ್ದನಿ ಇಲ್ಲದ ಆ ಹಾಸಿಗೆ ಕೋಣೆಯಲ್ಲಿ ಪಿಸುಮಾತೂ ಸ್ಪಷ್ಟವಾಗಿ ಕೇಳುತ್ತದೆ.

ಸೆಲ್ವರಾಜ್ ಈ ಕಡೆ ತಿರುಗಿದರು. “ತಂಬಿ, ಪಲ್ಲವಿ ಚರಣ ನಮಗೆ ನಿದ್ದೇಲೂ ಬರುತ್ತೆ ಪಾ. ತಪ್ಪೋದೆಲ್ಲ ಮಧ್ಯದಲ್ಲೇ. ಅದಕ್ಕೆ ಮಧ್ಯ ಮಾತ್ರ ಪ್ರಾಕ್ಟೀಸು. ಇಪ್ಪತ್ತೆರಡು ವರ್ಷದಿಂದ ಈ ರೂಮಲ್ಲಿ ಒಂದು ಹಾಡೂ ಪೂರ್ತಿ ಹಾಡಿಲ್ಲ ನಾವು. ಇಲ್ಲೇ ಹಾಡಿ ಮುಗಿಸಿದ್ರೆ ಸ್ಟೇಜಿಗೆ ಏನು ತಗೊಂಡ್ ಹೋಗೋದು?”

ನನಗೆ ಈ ಪದ್ಧತಿ ಬಹಳ ಹಿಡಿಸಿತು. ಆದರೆ ನಾವು ಬಂದ ಕೆಲಸಕ್ಕೆ ಇದು ಅಡ್ಡವಾಗಿತ್ತು. ಶರಣಮ್ಮನಿಗೆ ಬೇಕಾಗಿದ್ದದ್ದೇ ಚರಣ. ಇಲ್ಲಿ ಬಿಟ್ಟುಬಿಡುವುದೂ ಚರಣವನ್ನೇ.

ಮುಂದಿನ ಹಾಡಿಗೆ ಸೆಲ್ವರಾಜ್ ಪಕ್ಕದ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿದರು. ಕೋಣೆಯ ತುಂಬ ವಯೊಲಿನ್‌ಗಳು ತುಂಬಿಕೊಂಡವು, ನೋಡಿದರೆ ವಯೊಲಿನ್ ಹಿಡಿದವರು ಒಬ್ಬರೂ ಇಲ್ಲ. ಅಲ್ಲಿಯವರೆಗೆ ಗೋಡೆಗೆ ಒರಗಿ ತೂಕಡಿಸುತ್ತಿದ್ದ ರೆಡ್ಡಿ ಮೇಷ್ಟ್ರು ಕಣ್ಣು ಬಿಟ್ಟರು.

“ಅದು ಟ್ರ್ಯಾಕಾ ಸಾರ್?”

“ಹೌದು ಸಾರ್. ಈಗ ಅರ್ಧ ಕಡೆ ಟ್ರ್ಯಾಕೇ. ಅಷ್ಟು ವಯೊಲಿನ್ನೋರನ್ನ ಕರ್ಕೊಂಡ್ ಹೋದ್ರೆ ಊಟ ಹಾಕೋರ್ಯಾರು?”

ಮೇಷ್ಟ್ರು ನನ್ನ ಕಡೆ ನೋಡಿದರು. ಅವರು ಒಳ್ಳೆಯವರು, “ನೋಡಿದ್ರಾ ಮೇಡಂ” ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಶರಣಮ್ಮ ಬೆಡ್‌ಶೀಟಿನ ಗಂಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.

ಹನ್ನೆರಡೂವರೆಗೆ ಚಹಾ ಬಂತು, ಜೊತೆಗೆ ಬಿಸಿ ಸಮೋಸ. ತಂಡದವರು ಅರ್ಧ ಜನ ಕೆಳಗಿಳಿದರು. ನಜೀರ್ ಭಾಯ್ ಮಾತ್ರ ತಮ್ಮ ಲೋಟ ಹಿಡಿದು ನಮ್ಮ ಕಡೆ ಬಂದು, ಗಂಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಬೆಳಗ್ಗೆಯಿಂದ ನೋಡ್ತಾ ಇದೀನಿ ಬೇಟಾ. ಒಳಗೆ ಮಗು ಇದ್ದಂಗೆ ಸುತ್ತಿ ಇಟ್ಕೊಂಡಿದ್ದೀಯ. ಬಿಚ್ಚು ನೋಡೋಣ.”

ಶರಣಮ್ಮ ಬಿಚ್ಚಿದಳು. ಶಾಲೆಯ ಢೋಲಕ್ಕಿನ ಹಗ್ಗ ಎಳೆದು ಅವರು ಸ್ವಲ್ಪ ಬಿಗಿ ಮಾಡಿಕೊಟ್ಟರು. ಅವಳು ನುಡಿಸಿದಳು. ಶುರುವಿನ ಎತ್ತುಗಡೆ, ಪಲ್ಲವಿ, ಮೊದಲ ಚರಣದ ಎರಡು ಸಾಲು, ತಟಕ್ಕನೆ ಮತ್ತೆ ಶುರುವಿಗೆ. ರೆಡ್ಡಿ ಮೇಷ್ಟ್ರು ನಿಟ್ಟುಸಿರು ಬಿಟ್ಟರು.

“ಭಯ ಭಾಯ್ ಅವಳಿಗೆ” ಎಂದರು.

“ಇನ್ನೊಂದ್ಸಲ” ಎಂದರು ನಜೀರ್ ಭಾಯ್. ಅದೇ ಆಯಿತು. “ಇನ್ನೊಂದ್ಸಲ.” ಈ ಸಲ ಕಣ್ಣು ಮುಚ್ಚಿ ಕೇಳಿದರು. ಅವಳು ತಿರುಗುವ ಕಡೆ ಬಂದಾಗ ಅವರೂ ತಲೆಯನ್ನು ತಟಕ್ಕನೆ ತಿರುಗಿಸಿದರು, ಅವಳಿಗಿಂತ ಚೂರು ಮೊದಲೇ. ಕಣ್ಣು ಬಿಟ್ಟರು.

“ಸಾರ್, ಇದು ಭಯ ಅಲ್ಲ. ಭಯ ಇರೋರು ದಿನಕ್ಕೊಂದು ಕಡೆ ತಪ್ತಾರೆ. ಇವಳು ಮೂರು ಸಲಾನೂ ಒಂದೇ ಜಾಗದಲ್ಲಿ, ಒಂದು ಏಟೂ ಆಚೀಚೆ ಇಲ್ಲ. ಇದು ಕಲಿತಿರೋದು.” ಶರಣಮ್ಮನ ಕಡೆ ಬಗ್ಗಿದರು. “ಎಲ್ಲಿ ಕಲ್ತೆ ಬೇಟಾ?”

“ಅಪ್ಪನ ಫೋನ್‌ದಾಗ್ರಿ.”

“ಹಾಡು ಇದೆಯಾ ಅದರಲ್ಲಿ?”

“ಸ್ಟೇಟಸ್ ಅದರಿ. ಹೋದ ವರ್ಷ ಯಾರೋ ಹಾಕಿದ್ರು. ಅಪ್ಪ ಅದನ್ನ ತೆಗದ್ ಇಟ್ಕೊಂಡಾನ್ರಿ. ದಿನಾ ಹಚ್ಚಿ ಬಡೀತೀನ್ರಿ.”

ನನ್ನ ಫೋನಿನಲ್ಲಿ ಹುಡುಕಿದೆವು. ಪ್ರತಿ ನವೆಂಬರ್‌ನಲ್ಲೂ ಎಲ್ಲರ ಫೋನಿಗೂ ಬರುವ ತುಣುಕು ಅದು: ಬಾವುಟ ಹಾರುತ್ತದೆ, ಹಾಡು ಶುರುವಾಗುತ್ತದೆ, ಒಂದು ನಿಮಿಷಕ್ಕೆ ಚರಣದ ಮಧ್ಯದಲ್ಲಿ ಕತ್ತರಿಸಿಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಶರಣಮ್ಮ ಅದನ್ನು ಹಾಗೇ, ಕತ್ತರಿಸಿದ ಜಾಗದ ಸಮೇತ, ಕಲಿತಿದ್ದಳು. ಅವಳ ಮಟ್ಟಿಗೆ ಹಾಡೆಂದರೆ ಅಷ್ಟೇ. ನಾವೆಲ್ಲ ಅದರಾಚೆ ಹಾಡುತ್ತಿದ್ದಾಗ ಅವಳಿಗೆ ನಮ್ಮ ಮೇಲೆ ಆಶ್ಚರ್ಯವಾದದ್ದು ಸರಿಯೇ.

“ಮಿಸ್, ನನಗೂ ಅಲ್ಲಿಗಂಟ ಮಾತ್ರ ಗೊತ್ತಿದ್ದಿದ್ದು” ಎಂದ ಮನೋಜ. “ಆಮೇಲಿಂದು ಬೋರ್ಡ್ ನೋಡ್ಕೊಂಡು ಹಾಡ್ತಿದ್ದೆ.” ಇನ್ನೂ ನಾಲ್ಕು ಕೈಗಳು ಮೇಲೆದ್ದವು. ಬೋರ್ಡಿನ ಮೇಲೆ ಪೂರ್ತಿ ಸಾಹಿತ್ಯ ಬರೆದದ್ದು ನಾನೇ. ಢೋಲಕ್ ಬಾರಿಸುವವಳಿಗೆ ಬೋರ್ಡಿನಿಂದ ಏನು ಉಪಯೋಗ ಎಂದು ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಒಂದು ತಿಂಗಳು ಅವಳಿಗೆ ಧೈರ್ಯ ಹಂಚಿದ್ದೆ. ಅವಳಿಗೆ ಬೇಕಾಗಿದ್ದದ್ದು ಉಳಿದ ಮೂರು ನಿಮಿಷದ ಹಾಡು.

ನಜೀರ್ ಭಾಯ್ ಕೀಬೋರ್ಡಿನ ಹತ್ತಿರ ಹೋದರು. “ಸೆಲ್ವ, ಈ ಒಂದು ಹಾಡು ಪೂರ್ತಿ ಹೋಗೋಣ.”

“ಏನ್ ಭಾಯ್ ನೀವೂ. ಪೂರ್ತಿ ಹಾಡಾ? ಇಲ್ಲಾ?”

“ಹುಡುಗಿ ಅರ್ಧ ಹಾಡಲ್ಲಿ ಸಿಕ್ಹಾಕ್ಕೊಂಡಿದ್ದಾಳೆ.”

“ಹಾಡೋರು ಯಾರು? ಉಷಾಕ್ಕನಿಗೆ ಸಂಜೆ ಪ್ರೋಗ್ರಾಂ ಇದೆ. ಗಂಟಲು ಉಳಿಸ್ಬೇಕು.”

ಉಷಾ ಅವರು ಕಡಲೆಯ ಪೊಟ್ಟಣ ಮಡಚಿದರು. “ಉಳಿಸಿ ಉಳಿಸಿ ಎಷ್ಟು ದಿನ ಇಟ್ಕೊಳ್ಳೋದು ಸೆಲ್ವ. ಪಾಪ, ಮಕ್ಕಳು ಕೆ.ಆರ್. ಪುರದ ಕಡೆಯಿಂದ ಬಂದು ಬೆಳಗ್ಗೆಯಿಂದ ಬರೀ ಬಿಜಿಎಂ ಕೇಳ್ತಿದ್ದಾವೆ. ಮೆತ್ತಗೆ ಹಾಡ್ತೀನಿ, ಹೊಡೀರಿ.”

ಮೊದಲ ಸಲ ನಜೀರ್ ಭಾಯ್ ನುಡಿಸಿದರು, ಶರಣಮ್ಮ ಅವರ ಎದುರಿಗೆ ಕೂತು ಮೊಣಕಾಲಿನ ಮೇಲೆ ಬೆರಳಾಡಿಸಿದಳು. ಫೋನಿನ ತುಣುಕು ಮುಗಿಯುವ ಜಾಗ ಬಂತು, ಹೋಯಿತು. ಅವಳ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ. ಇದನ್ನು ನೋಡಿದೆ ಎಂದು ಗಟ್ಟಿಯಾಗಿ ಹೇಳಬಲ್ಲೆ, ಬೇರೆ ಯಾವ ಪುಟದಲ್ಲೂ ಇದಿಲ್ಲ. ಉಷಾ ಅವರು ಕುರ್ಚಿಯಲ್ಲಿ ಕೂತೇ, ಮೆತ್ತಗೆ ಎಂದದ್ದನ್ನು ಎರಡನೇ ಸಾಲಿಗೆ ಮರೆತು, ತುಂಬುಗಂಟಲಲ್ಲಿ ಹಾಡಿದರು. ಕೆಳಗೆ ಹೋಗಿದ್ದ ವಾದ್ಯದವರು ಚಹಾ ಹಿಡಿದು ಮೇಲೆ ಬಂದು ಬಾಗಿಲಲ್ಲಿ ನಿಂತರು. ಹತ್ತಿ ಹಿಂಜುವ ಯಂತ್ರ ನಿಂತಿತು. ಅದು ಊಟದ ಹೊತ್ತಾದ್ದರಿಂದಲೂ ಇರಬಹುದು.

ಆಮೇಲೆ ನಜೀರ್ ಭಾಯ್ ಹಾಡನ್ನು ತುಂಡು ತುಂಡಾಗಿ ಬಿಡಿಸಿ ತೋರಿಸಿದರು. ಆರು ಎಣಿಕೆಯ ನಡೆ. ಎಲ್ಲಿ ಬದಲಾಗುತ್ತದೆ, ಎಲ್ಲಿ ಸುಮ್ಮನಿರಬೇಕು. ಇಪ್ಪತ್ತು ನಿಮಿಷ. ಕೊನೆಗೆ ಹೇಳಿದ ಮಾತು ಇದು: “ಬಿಟ್ಟು ಹೋದ್ರೆ ಹುಡುಕೋಕೆ ಹೋಗ್ಬೇಡ. ಕೈ ಎತ್ತಿ ಇಟ್ಕೋ. ಆರು ಆದ್ಮೇಲೆ ಮತ್ತೆ ಒಂದು ಬರುತ್ತೆ, ಬಂದೇ ಬರುತ್ತೆ. ಬಂದಾಗ ಹತ್ಕೋ.”

ರೆಡ್ಡಿ ಮೇಷ್ಟ್ರು ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿ ಮುಂದೆ ಬಂದು ಕೂತರು. ಪೆನ್‌ಡ್ರೈವ್ ಅವರ ಬೈಕಿನ ಕೀಲಿಗೊಂಚಲಿನಲ್ಲಿತ್ತು. ಬೆರಳಲ್ಲಿ ಅದನ್ನು ತಿರುಗಿಸುತ್ತಿದ್ದರು. ಸೆಲ್ವರಾಜ್ ಬೆರಳೆತ್ತಿ ಎಣಿಸಿದರು.

ಪಲ್ಲವಿ ಎಂದಿನಂತೆ ನಿರಾಯಾಸ. ಚರಣದ ಎರಡನೇ ಸಾಲು. ಅವಳ ಎಡಗೈ ತಿರುಗಲು ಹೊರಟಿತು, ತಿರುಗಲಿಲ್ಲ, ಮುಂದೆ ಹೋಯಿತು. ನಮ್ಮ ಹುಡುಗಿಯರಲ್ಲಿ ಯಾರೋ ಉಸಿರು ಬಿಟ್ಟರು. ಮೊದಲ ಚರಣ ದಾಟಿತು. ಎರಡನೇ ಬಿಜಿಎಂನಲ್ಲಿ ಕೊಳಲು ಒಂದು ಸುತ್ತು ಹಾಕುತ್ತದೆ. ಬೆಳಗ್ಗೆ ಕೊಳಲಿನವರೇ ತಪ್ಪಿದ್ದು ಇಂಥದ್ದೇ ಜಾಗದಲ್ಲಿ. ಅಲ್ಲಿ ಶರಣಮ್ಮನ ಕೈ ಸಿಕ್ಕಿಕೊಂಡಿತು. ಎರಡು ಏಟು ತಡವರಿಸಿ ನಿಂತುಬಿಟ್ಟಳು.

ತಂಡ ನಿಲ್ಲಲಿಲ್ಲ. ನಜೀರ್ ಭಾಯ್ ಸಹಾಯಕ್ಕೆ ಬರಲಿಲ್ಲ. ತಮ್ಮ ಬಲಗೈಯನ್ನು ಮಾತ್ರ ಕಿವಿಯ ಮಟ್ಟಕ್ಕೆ ಎತ್ತಿ ಹಾಗೇ ಹಿಡಿದರು. ಶರಣಮ್ಮನೂ ಕೈ ಎತ್ತಿದಳು. ಕೊಳಲು ಸುತ್ತು ಮುಗಿಸಿ ಇಳಿಯುತ್ತಿತ್ತು. ಇಬ್ಬರ ಕೈಯೂ ಗಾಳಿಯಲ್ಲಿ. ನನಗೆ ಅದು ಒಂದು ನಿಮಿಷದಷ್ಟು ಉದ್ದವಾಗಿ ನೆನಪಿದೆ. ಆರು ಎಣಿಕೆ ಎಂದರೆ ಎರಡು ಸೆಕೆಂಡೂ ಇರಲಾರದು. ಅವರ ಕೈ ಬಿತ್ತು, ಅವಳದೂ ಬಿತ್ತು, ಢೋಲಕ್ ಏನೂ ಆಗದ ಹಾಗೆ ಹಾಡಿನೊಳಗಿತ್ತು. ಅಲ್ಲಿಂದ ಕೊನೆಯವರೆಗೆ ಹೋದಳು. ಕೊನೆ ಎಲ್ಲಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಎಲ್ಲರೂ ನಿಲ್ಲಿಸಿದ ಮೇಲೂ ಎರಡು ಸುತ್ತು ನುಡಿಸಿದಳು. ಬಾಗಿಲಲ್ಲಿದ್ದವರು ನಕ್ಕರು, ಅವಳೂ ನಕ್ಕಳು.

“ಪೂರ್ತಿ ಆಯ್ತಲ್ಲ” ಎಂದರು ರೆಡ್ಡಿ ಮೇಷ್ಟ್ರು.

“ಇಲ್ರಿ ಸರ” ಎಂದಳು ಶರಣಮ್ಮ. “ನಡುವ ಬಿಟ್ಟಿದ್ದೆ.”

ಕರಾರು ಪೂರ್ತಿ ನುಡಿಸಬೇಕೆಂದಿತ್ತು, ಅವಳು ಅದನ್ನು ಮರೆತಿರಲಿಲ್ಲ.

“ಎಲ್ಲಿ ಬಿಟ್ಟೆ?”

“ಕೊಳಲು ಬಂದಾಗ್ರಿ. ಆರು ಎಣಿಕಿ.”

ಮೇಷ್ಟ್ರು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. “ನಾನು ಇಲ್ಲೇ ಮುಂದೆ ಕೂತಿದ್ನಲ್ಲ. ನನಗೆ ಗೊತ್ತಾಗ್ಲೇ ಇಲ್ಲ.”

“ನಿಮಗೆ ಗೊತ್ತಾಗ್ಲಿಲ್ಲ ಅಂದ್ರೆ ತಪ್ಪೇ ಇಲ್ಲ ಸಾರ್” ಎಂದರು ನಜೀರ್ ಭಾಯ್. “ನಲವತ್ತು ವರ್ಷದಿಂದ ನನ್ನ ಹೊಟ್ಟೆ ತುಂಬ್ತಾ ಇರೋದೇ ಅದರಿಂದ.”

ಸೆಲ್ವರಾಜ್ ಲ್ಯಾಪ್‌ಟಾಪ್ ಮುಚ್ಚಿದರು. “ಟ್ರ್ಯಾಕಲ್ಲಿ ಒಂದೇ ಪ್ರಾಬ್ಲಂ ಸಾರ್. ಹಾಡೋರು ಸಾಲು ಮರೆತ್ರೆ ಅದು ಕಾಯಲ್ಲ. ಅದರ ಪಾಡಿಗೆ ಅದು ಹೋಗ್ತಾ ಇರುತ್ತೆ. ನಿಮ್ ಹುಡುಗ್ರು ಸಾಲು ಮರೀತಾರಾ?”

ಎಲ್ಲರೂ ಮನೋಜನ ಕಡೆ ತಿರುಗಿದರು. “ಯಾಕ್ರೋ ನನ್ನ ನೋಡ್ತೀರ?” ಎಂದ ಅವನು.

ರೆಡ್ಡಿ ಮೇಷ್ಟ್ರು ಕೀಲಿಗೊಂಚಲನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. “ಆಯ್ತು. ಢೋಲಕ್ಕೇ ಇರ್ಲಿ. ಪೆನ್‌ಡ್ರೈವ್ ಜೇಬಲ್ಲಿ ಇಟ್ಕೊಂಡಿರ್ತೀನಿ ಮೇಡಂ, ತೆಗೆಯಲ್ಲ.” ಆಮೇಲೆ ಶರಣಮ್ಮನಿಗೆ, “ತಪ್ಪಿದ್ದನ್ನ ನೀನ್ಯಾಕಮ್ಮ ಹೇಳೋಕ್ ಹೋದೆ?” ಎಂದು ಕೇಳಿದರು.

“ನೀವು ಪೂರ್ತಿ ಅಂದಿದ್ರಿ ಸರ” ಎಂದಳು.

ಹಾಸಿಗೆಗಳ ನಡುವೆಯೇ ಊಟಕ್ಕೆ ಕೂತೆವು. ಚಿತ್ರಾನ್ನ, ಪುಳಿಯೋಗರೆ, ಶರಣಮ್ಮನ ಡಬ್ಬಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಉಷಾ ಅವರು ಚಟ್ನಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡು, ಸಂಜೆ ಗಂಟಲು ಕೆಟ್ಟರೆ ಯಾದಗಿರಿಯವರೇ ಹೊಣೆ ಎಂದರು. ಎರಡೂವರೆಗೆ ಅವರು ಮತ್ತೆ ಬಿಜಿಎಂಗಳಿಗೆ ಕೂತರು. ನಾವು ಮೆಟ್ಟಿಲಿಳಿಯುವಾಗ ಮೇಲಿನಿಂದ ಒಂದು ಹಾಡಿನ ಶುರು ಕೇಳಿಸಿತು, ನಿಂತಿತು. ಮಕ್ಕಳ ತಲೆಯ ಮೇಲೆಲ್ಲ ಹತ್ತಿಯ ಎಳೆ. ಹನಿ ಮಳೆಗೆ ಅವು ಅಂಟಿಕೊಂಡವು.

ವಾಪಸ್ ಬಸ್ಸಿನಲ್ಲಿ ಹಿಂದಿನ ಸೀಟುಗಳೆಲ್ಲ ನಮ್ಮವೇ ಆದವು. ಹಲಸೂರು ದಾಟಿದ ಮೇಲೆ ರೆಡ್ಡಿ ಮೇಷ್ಟ್ರು ಮುಂದಿನ ಸೀಟಿಗೆ ಬಗ್ಗಿ, “ಏಯ್ ಶರಣಮ್ಮ, ಆ ಬಿಟ್ಟು ಹತ್ಕೊಂಡ್ಯಲ್ಲ, ಅದನ್ನ ಇನ್ನೊಂದ್ಸಲ ತೋರ್ಸು” ಎಂದರು. ಅವಳು ಗಂಟು ಬಿಚ್ಚದೆ ಬಟ್ಟೆಯ ಮೇಲೆಯೇ ಶುರುಮಾಡಿದಳು. ಹುಡುಗರು ಹುಡುಗಿಯರು ಹಾಡಿದರು, ಈ ಸಲ ಚರಣವನ್ನೂ. ಮೇಷ್ಟ್ರು ಸೀಟಿನ ಕಂಬಿಯ ಮೇಲೆ ಅಂಗೈಯಿಂದ ತಾಳ ಹಾಕತೊಡಗಿದರು. ಬೈಯಪ್ಪನಹಳ್ಳಿ ಹತ್ತಿರ ಶರಣಮ್ಮ ಕೈ ನಿಲ್ಲಿಸಿ ಹಿಂದೆ ತಿರುಗಿದಳು.

“ಸರ, ನೀವು ಮುಂದ ಮುಂದ ಹೊಂಟೀರಿ.”

“ನಾನಾ? ಇಪ್ಪತ್ತೇಳು ವರ್ಷ ಡ್ರಿಲ್ ಮಾಡ್ಸಿದೀನಿ ಕಣಮ್ಮ.”

“ಡ್ರಿಲ್ಲಿಗಿ ಎರಡೇ ಅದಾವ್ರಿ, ಎಡಾ ಬಲಾ. ಇದಕ್ಕ ಆರು ಅದಾವ್ರಿ.”

ಹುಡುಗರು ನಕ್ಕರು. ಮೇಷ್ಟ್ರೂ ನಕ್ಕರು. ಮತ್ತೆ ಶುರುವಾಯಿತು, ಮತ್ತೆ ಅವರ ಅಂಗೈ ಎರಡನೇ ಸುತ್ತಿಗೆ ಮುಂದೆ ಓಡಿತು.

“ಹಂಗಾದ್ರೆ ಈಗ ನಾನೇನ್ ಮಾಡ್ಲಿ?”

“ಕೈ ಎತ್ತಿ ಇಟ್ಕೋರಿ ಸರ. ನಾ ಹೇಳಿದಾಗ ಬಿಡ್ರಿ.”

ಟಿನ್ ಫ್ಯಾಕ್ಟರಿ ಬಂದಿತ್ತು. ನನ್ನ ಮನೆ ಅಲ್ಲಿಂದ ಒಳಗೆ. ಮಕ್ಕಳನ್ನು ಊರು ಮುಟ್ಟಿಸುವ ಹೊಣೆ ಮೇಷ್ಟ್ರದು. ಇಳಿದು, ಛತ್ರಿ ಬಿಚ್ಚಿ, ತಿರುಗಿ ನೋಡಿದೆ. ಮಳೆಗೆ ಕಿಟಕಿಗಳನ್ನು ಮುಚ್ಚಿದ್ದರಿಂದ ಹಾಡು ಹೊರಗೆ ಕೇಳುತ್ತಿರಲಿಲ್ಲ, ಹನ್ನೊಂದು ಬಾಯಿಗಳು ಮಾತ್ರ ತೆರೆದು ಮುಚ್ಚುತ್ತಿದ್ದವು. ಅವುಗಳ ನಡುವೆ ರೆಡ್ಡಿ ಮೇಷ್ಟ್ರು ಬಲಗೈಯನ್ನು ಮೇಲೆತ್ತಿ, ಶರಣಮ್ಮನ ಮುಖವನ್ನೇ ನೋಡುತ್ತ ಕೂತಿದ್ದರು. ಬಸ್ಸು ಕೆ.ಆರ್. ಪುರದ ತೂಗುಸೇತುವೆಯ ಕಡೆ ಹೊರಟಿತು. ಅವರ ಕೈ ಇನ್ನೂ ಮೇಲೇ ಇತ್ತು.